ಹಳೆಯ ಖಡ್ಗಗಳ ಶುದ್ಧಿ ಮತ್ತು ಸಂರಕ್ಷಣೆ: ದಕ್ಷಿಣದ ಉಕ್ಕಿನ ಅಲಗುಗಳನ್ನು ಕುರಿತು

ಚರಿತ್ರೆಯ ಆಕರಗಳನ್ನು ಎಣಿಸುವಾಗ ಶಿಲಾಶಾಸನ, ತಾಮ್ರಪಟ, ನಾಣ್ಯ, ಕಡತ, ಪ್ರವಾಸಿಗಳ ಬರಹ ಎಂದು ಸಾಲಾಗಿ ಹೇಳುವುದು ನಮ್ಮಲ್ಲಿ ವಾಡಿಕೆಯಾಗಿದೆ. ಆಯುಧಗಳಿಗೆ ಈ ಸಾಲಿನಲ್ಲಿ ಸ್ಥಾನ ದೊರೆಯುವುದು ಅಪರೂಪ. ವೀರಗಲ್ಲಿನ ಮೇಲೆ ಶಿಲ್ಪಿ ಕೆತ್ತಿದ ಕತ್ತಿಯ ಆಕಾರವನ್ನು ಅಳೆದು, ಅದರ ಬಾಗು ಎಷ್ಟು, ಹಿಡಿ ಎಂತಹುದು ಎಂದು ಪುಟಗಟ್ಟಲೆ ಚರ್ಚಿಸುವ ನಾವು, ನಿಜವಾದ ಕತ್ತಿಯೇ ಕೈಗೆ ಬಂದಾಗ ಅದನ್ನು ಓದುವ ವಿದ್ಯೆಯನ್ನು ಇನ್ನೂ ಚೆನ್ನಾಗಿ ಕಲಿತಿಲ್ಲ. ಕಲಿಯುವುದಕ್ಕೆ ಮೊದಲೇ ಅದನ್ನು ಉಜ್ಜಿಬಿಡುತ್ತೇವೆ. ಪ್ರದರ್ಶನಕ್ಕೆ ಇಡತಕ್ಕ ವಸ್ತು ಹೊಳೆಯಬೇಕೆಂಬ ಅಭಿಪ್ರಾಯ ಅಷ್ಟು ಬಲವಾಗಿ ಬೇರೂರಿದೆ. ಈ ಹೊಳಪಿನ ಬೆಲೆಯೇನು, ಹಳೆಯ ಅಲಗಿನಿಂದ ಯಾವುದನ್ನು ತೆಗೆಯಬಹುದು, ಯಾವುದನ್ನು ತೆಗೆಯಲಾಗದು ಎಂಬುದನ್ನು ದಕ್ಷಿಣ ದೇಶದ ಉಕ್ಕಿನ ಖಡ್ಗಗಳನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಾಸನಗಳ ವಿಷಯದಲ್ಲಿ ನಮ್ಮ ನಡವಳಿಕೆ ಬೇರೆ. ಬಿ. ಎಲ್. ರೈಸರು 1886ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಮೊದಲ ಸಂಪುಟವನ್ನು ಹೊರತಂದಂದಿನಿಂದ, ಶಾಸನದ ಅಕ್ಷರ ಮಸುಕಾಗಿದ್ದರೆ ಅದನ್ನು ಉಳಿಯಿಂದ ತಿದ್ದಿ ಸ್ಪಷ್ಟಪಡಿಸೋಣವೆಂದು ಯಾವ ವಿದ್ವಾಂಸನೂ ಹೇಳಿದವನಲ್ಲ. ಪಡಿಯಚ್ಚು ತೆಗೆದುಕೊಂಡು, ಕಲ್ಲನ್ನು ಇದ್ದಂತೆಯೇ ಬಿಡುವುದು ಅಲ್ಲಿನ ಮರ್ಯಾದೆ. ಅಲಗಿನ ಮೈಯೂ ಅಂತಹುದೇ ಒಂದು ಬರಹವಾಗಿದ್ದರೆ, ಅದರ ಮೇಲೆ ಎಮರಿ ಕಾಗದವನ್ನು ಎಳೆಯುವವನು ಮಾಡುತ್ತಿರುವ ಕೆಲಸವನ್ನು ಯಾವ ಹೆಸರಿನಿಂದ ಕರೆಯಬೇಕೆಂಬುದನ್ನು ವಾಚಕರೇ ನಿರ್ಧರಿಸಬಹುದು.

ಮೈಮೇಲಿನ ಬರಹ ಎಂಬುದು ಇಲ್ಲಿ ಅಲಂಕಾರದ ಮಾತಲ್ಲ. ಕೆಲವು ಕಡೆ ಅದು ಅಕ್ಷರಶಃ ನಿಜ. ಬಿಕಾನೇರಿನ ಮಹಾರಾಜ ಅನೂಪಸಿಂಹನು 17ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಮೊಗಲರ ಸೇನಾಧಿಪತಿಯಾಗಿ ದಖ್ಖನ್ನಿನಲ್ಲಿ ಸೇವೆ ಸಲ್ಲಿಸಿದವನು. ಬಿಜಾಪುರದ ಆದಿಲಶಾಹಿಗಳ ಅಧೀನದಲ್ಲಿದ್ದ ಆದವಾನಿ ಕೋಟೆ ಬಿದ್ದ ತರುವಾಯ ಅಲ್ಲಿನ ಆಯುಧಗಳೂ ಕವಚಗಳೂ ಹೇರಳವಾಗಿ ಬಿಕಾನೇರಿನ ಆಯುಧಾಗಾರವನ್ನು ಸೇರಿದುವು. ಅಲ್ಲಿಯ ಕಾರಕೂನರು ಒಂದೊಂದರ ಮೇಲೂ ಮೊಳೆಯಿಂದ ಸಣ್ಣ ಸಣ್ಣ ಚುಕ್ಕೆಗಳನ್ನು ಗುದ್ದಿ, ಆ ಚುಕ್ಕೆಗಳಿಂದಲೇ ನಾಗರಿ ಅಕ್ಷರಗಳನ್ನು ಮೂಡಿಸಿ, ವಸ್ತು ಎಲ್ಲಿಂದ ಬಂದುದು, ಯಾರ ಕಾಲದಲ್ಲಿ ಬಂದುದು ಎಂಬ ಲೆಕ್ಕವನ್ನು ಬರೆದಿಟ್ಟರು. ಈ ಆಯುಧಗಳು ಇಂದು ಲೋಕದ ಹಲವು ವಸ್ತುಸಂಗ್ರಹಾಲಯಗಳಲ್ಲಿ ಚದುರಿವೆ. ಹೀಗೆ ಚದುರಿದ ವಸ್ತುಗಳಲ್ಲಿ ಇದು ದಖ್ಖನ್ನಿನದು, ಇದು ರಾಜಪುತಾನದ್ದು ಎಂದು ಬಿಡಿಸಿ ಹೇಳಲು ಸಾಧ್ಯವಾದುದಕ್ಕೆ ಆ ಚುಕ್ಕೆಗಳ ಸಾಲು ದೊಡ್ಡ ಆಧಾರ. ಚುಕ್ಕೆಯ ಆಳ ಹೆಚ್ಚೇನೂ ಇಲ್ಲ. ಒಬ್ಬ ಶ್ರದ್ಧಾವಂತ ಸೇವಕನು ಕೆಲವು ವರ್ಷ ಬಿಡದೆ ಇಟ್ಟಿಗೆಪುಡಿ ಹಾಕಿ ಉಜ್ಜಿದ್ದರೆ ಆದವಾನಿಯ ಹೆಸರು ಅಳಿಸಿಹೋಗುತ್ತಿತ್ತು. ನಮ್ಮ ಪಾಲಿನ ಒಂದು ಆಯುಧಪರಂಪರೆಯೇ ಊರಿಲ್ಲದ ವಸ್ತುವಾಗಿ ಉಳಿಯುತ್ತಿತ್ತು.

ಪೋರ್ಚುಗೀಸರೇ ಮೊದಲಾದವರ ಮೂಲಕ ಬಂದ ಯೂರೋಪಿನ ಅಲಗುಗಳಿಗೆ ಇಲ್ಲಿಯ ಹಿಡಿಯನ್ನು ಕೂಡಿಸಿದ 'ಫಿರಂಗಿ' ಎಂಬ ಖಡ್ಗಗಳ ಸ್ಥಿತಿಯೂ ಇದೇ. ಅವುಗಳ ಮೇಲೆ ಜರ್ಮನಿಯ ಪಾಸೌ ನಗರದ ತೋಳದ ಗುರುತೋ, ಇಟಲಿಯ ಕೆಲಸಗಾರನ ಹೆಸರೋ ತೆಳ್ಳಗೆ ಕೊರೆದಿರುವುದುಂಟು. ಗುರುತು ನಕಲಿಯೂ ಆಗಿರಬಹುದು, ಏಕೆಂದರೆ ಹೆಸರಾಂತ ಗುರುತುಗಳನ್ನು ಬೇರೆ ಊರುಗಳವರು ಧಾರಾಳವಾಗಿ ಅನುಕರಿಸುತ್ತಿದ್ದರು. ನಕಲಿಯಾದರೂ ಅದು ವ್ಯಾಪಾರದ ಚರಿತ್ರೆಗೆ ಸಾಕ್ಷಿಯೇ ಹೌದು.

ಇನ್ನು ಅಲಗಿನ ದ್ರವ್ಯವೇ ಮಾತನಾಡುವ ಬಗೆಯನ್ನು ನೋಡಬೇಕು. ಇಲ್ಲಿ ಸ್ವಲ್ಪ ವಿಸ್ತಾರ ಅಗತ್ಯ.

1794ರಲ್ಲಿ ಮುಂಬಯಿಯಿಂದ ಡಾಕ್ಟರ್ ಸ್ಕಾಟ್ ಎಂಬವರು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ಸರ್ ಜೋಸೆಫ್ ಬ್ಯಾಂಕ್ಸರಿಗೆ ಉಕ್ಕಿನ ಕೆಲವು ಗಟ್ಟಿಗಳನ್ನು ಕಳುಹಿಸಿಕೊಟ್ಟರು. ಮರುವರ್ಷ, ಎಂದರೆ 1795ರಲ್ಲಿ, ಜಾರ್ಜ್ ಪಿಯರ್ಸನ್ನರು ಅದನ್ನು ಪರೀಕ್ಷಿಸಿ ಬರೆದ ಪ್ರಬಂಧದಲ್ಲಿ 'ವೂಟ್ಜ್' ಎಂಬ ಹೆಸರು ವಿದ್ವತ್ ಪ್ರಪಂಚವನ್ನು ಹೊಕ್ಕಿತು. ಅದು ನಮ್ಮ 'ಉಕ್ಕು' ಎಂಬ ಮಾತಿನ ಅಪಭ್ರಂಶವೆಂಬುದು ಬಹುಮಂದಿ ವಿದ್ವಾಂಸರ ಮತ. ಐದು ವರ್ಷಗಳ ತರುವಾಯ, ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನು ಇಲ್ಲಿಯ ಕುಲುಮೆಗಳಲ್ಲಿ ಉಕ್ಕು ಆಗುತ್ತಿದ್ದ ಕ್ರಮವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡನ್ನಿಟ್ಟು, ತಂಗಡಿಯ ಕಡ್ಡಿಯ ಚೂರುಗಳನ್ನೂ ಒಂದೆರಡು ಹಸಿ ಎಲೆಗಳನ್ನೂ ಹಾಕಿ, ಬಾಯಿಗೆ ಮಣ್ಣು ಮೆತ್ತಿ, ತಿದಿಯೊತ್ತಿ ಕಾಯಿಸುತ್ತಿದ್ದರು. ಸಸ್ಯದಲ್ಲಿದ್ದ ಇಂಗಾಲವು ಕಬ್ಬಿಣವನ್ನು ಹೊಕ್ಕು ಮೂಸೆಯೊಳಗೆ ಕರಗಿ ನಿಧಾನವಾಗಿ ಆರಿದಾಗ ಉಕ್ಕಿನ ಗಟ್ಟಿ ದೊರೆಯುತ್ತಿತ್ತು. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ತಂತಿ ಎಳೆಯುತ್ತಿದ್ದ ಉಕ್ಕಿನ ಪ್ರಸ್ತಾಪವೂ ಅದೇ ಗ್ರಂಥದಲ್ಲಿದೆ. ಖಡ್ಗವೂ ವೀಣೆಯ ತಂತಿಯೂ ಒಂದೇ ಬಗೆಯ ಕಸುಬಿಗೆ ಋಣಿಯಾಗಿದ್ದುವೆಂಬುದು ಸಣ್ಣ ಸಂಗತಿಯಲ್ಲ.

ಈ ಉಕ್ಕಿನಲ್ಲಿ ಇಂಗಾಲದ ಪ್ರಮಾಣ ಹೆಚ್ಚು, ಸಾಮಾನ್ಯವಾಗಿ ಶೇಕಡ 1.3ರಿಂದ 1.8ರ ವರೆಗೆ. ಹದವರಿತು, ಮಿತವಾದ ಕಾವಿನಲ್ಲಿ ಮತ್ತೆ ಮತ್ತೆ ಬಡಿದಾಗ, ಕಬ್ಬಿಣವೂ ಇಂಗಾಲವೂ ಸೇರಿದ ಗಡಸಾದ ಕಣಗಳು ಅಲಗಿನ ಒಳಗೆ ಪಟ್ಟೆಪಟ್ಟೆಯಾಗಿ ನಿಲ್ಲುತ್ತವೆ. ನುಣುಪು ಮಾಡಿದ ಮೈಗೆ ಹುಳಿಯಾದ ದ್ರವವನ್ನು ಸವರಿದರೆ ಮೆತ್ತನೆಯ ಭಾಗ ಕಪ್ಪಾಗಿ, ಗಡಸಾದ ಭಾಗ ಬೆಳ್ಳಗೆ ಉಳಿದು, ಹರಿಯುವ ನೀರಿನ ಮೇಲಿನ ತೆರೆಗಳಂತಹ ಚಿತ್ತಾರ ಮೂಡುತ್ತದೆ. ಇದನ್ನೇ ಅರಬರು 'ಫಿರಿಂದ್' ಎಂದೂ ಪಾರಸಿಕರು 'ಜೌಹರ್' ಎಂದೂ ಕರೆದರು. 9ನೆಯ ಶತಮಾನದಲ್ಲಿ ಖಲೀಫ ಅಲ್-ಮುಅತಸಿಮನಿಗಾಗಿ ಖಡ್ಗಗಳನ್ನು ಕುರಿತು ಗ್ರಂಥ ಬರೆದ ಅಲ್-ಕಿಂದಿಯು ಉಕ್ಕಿನ ಜಾತಿಯನ್ನೂ ಊರನ್ನೂ ವಿಂಗಡಿಸುವಾಗ ಈ ಚಿತ್ತಾರವನ್ನು ಮುಖ್ಯ ಲಕ್ಷಣಗಳಲ್ಲೊಂದಾಗಿ ಇಟ್ಟುಕೊಂಡಿದ್ದಾನೆ. ಹೊಳಪು ಅಲ್ಲಿ ಪ್ರಧಾನವಲ್ಲ ಎಂಬುದನ್ನು ಗಮನಿಸಬೇಕು. ಕನ್ನಡಿಯಂತೆ ಮಿನುಗುವ ಅಲಗು ಹಳೆಯ ಮರ್ಮಜ್ಞನ ದೃಷ್ಟಿಯಲ್ಲಿ ಮುಖವನ್ನೇ ಕಳೆದುಕೊಂಡ ಅಲಗು. ನಮ್ಮ ಪ್ರದರ್ಶನದ ಗಾಜಿನ ಪೆಟ್ಟಿಗೆಗಳಲ್ಲಿ ಫಳಫಳಿಸುವ ಖಡ್ಗಗಳನ್ನು ಕಂಡು ಹಿಗ್ಗುವವರು ಈ ಮಾತನ್ನು ಸ್ವಲ್ಪ ಯೋಚಿಸಬೇಕು.

ಇಲ್ಲಿ ಒಂದು ಆಕ್ಷೇಪಣೆಗೆ ಅವಕಾಶವಿದೆ. ಪಟ್ಟೆಗಳು ಲೋಹದ ಒಳಗೆಲ್ಲ ಹಬ್ಬಿರುವುದರಿಂದ ಮೇಲ್ಮೈಯನ್ನು ಉಜ್ಜಿದರೆ ಚಿತ್ತಾರ ಮರೆಯಾಗುವುದೇ ಹೊರತು ನಾಶವಾಗುವುದಿಲ್ಲ, ಮತ್ತೆ ಹುಳಿ ಸವರಿದರೆ ಮತ್ತೆ ಕಾಣುತ್ತದೆ, ಎಂದು ಹೇಳಬಹುದು. ಈ ಮಾತು ನಿಜ, ಆದರೆ ಅರ್ಧ ಮಾತ್ರ. ಪ್ರತಿ ಸಲ ಉಜ್ಜಿದಾಗಲೂ ಲೋಹ ಸವೆಯುತ್ತದೆ. ಪ್ರತಿ ಸಲ ಹುಳಿ ಸವರಿದಾಗಲೂ ಮತ್ತಷ್ಟು ಕರಗುತ್ತದೆ. ಅಲಗಿನ ಏಣುಗಳು ಮೊಂಡಾಗುತ್ತವೆ, ಕಾಲುವೆಯ ಅಂಚು ಮಾಯುತ್ತದೆ, ಕೋಫ್ತಗಾರಿಯ ಚಿನ್ನ ಹಾರಿಹೋಗುತ್ತದೆ. ಕೋಫ್ತಗಾರಿಯೆಂದರೆ ಉಕ್ಕಿನ ಮೈಯನ್ನು ಹೆಣೆದ ಗೆರೆಗಳಿಂದ ಒರಟುಮಾಡಿ ಅದರ ಮೇಲೆ ಚಿನ್ನದ ಸಣ್ಣ ತಂತಿಯನ್ನು ಬಡಿದು ಕೂರಿಸುವ ಕೆಲಸ. ಆ ಚಿನ್ನಕ್ಕೆ ಉಕ್ಕಿನ ಒರಟುತನವೊಂದೇ ಹಿಡಿತ. ಇದಕ್ಕಿಂತ ಭಯಂಕರವಾದುದು ವಿದ್ಯುತ್ತಿನಿಂದ ತಿರುಗುವ ಸಾಣೆಚಕ್ರ. ಅಲ್ಲಿ ಏಳುವ ಕಾವಿನಿಂದ ಅಲಗಿನ ಹದ ಇಳಿಯುತ್ತದೆ. ಲೋಹ ಕೆಂಪೇರುವಷ್ಟು ಕಾವಿಗೆ ಹೋದರೆ ಪಟ್ಟೆಗಳೇ ಕರಗತೊಡಗುತ್ತವೆ. ಹಾಗೆ ಹೋದ ಹದವನ್ನು ಯಾವ ಹುಳಿಯೂ ಮರಳಿ ತಾರದು.

ಸ್ವಿಟ್ಜರ್ಲೆಂಡಿನ ಬೆರ್ನ್ ನಗರದ ಐತಿಹಾಸಿಕ ವಸ್ತುಸಂಗ್ರಹಾಲಯಕ್ಕೆ ಸಂಬಂಧಿಸಿದ ಒಂದು ವೃತ್ತಾಂತವನ್ನು ಇಲ್ಲಿ ಹೇಳುವುದು ಸೂಕ್ತ. ಹೆನ್ರಿ ಮೋಸರ್ ಎಂಬ ಸಂಗ್ರಾಹಕರು ತಮ್ಮಲ್ಲಿದ್ದ ಪೌರಸ್ತ್ಯ ಖಡ್ಗಗಳಲ್ಲಿ ಕೆಲವನ್ನು ಕತ್ತರಿಸಿ ಪರೀಕ್ಷಿಸುವುದಕ್ಕಾಗಿಯೇ ಒಪ್ಪಿಸಿದರು. ಷೋಕೆ ಎಂಬ ವಿಜ್ಞಾನಿಯು ಅವುಗಳ ರಾಸಾಯನಿಕ ಪೃಥಕ್ಕರಣದ ಫಲವನ್ನು 1924ರಲ್ಲಿ ಪ್ರಕಟಿಸಿದರು. ಅಲ್ಲಿಗೆ ಕೆಲಸ ಮುಗಿಯಿತೆಂದು ಉಳಿದ ತುಂಡುಗಳನ್ನು ಎಸೆಯಬಹುದಾಗಿತ್ತು. ಆದರೆ ಅವು ವಸ್ತುಸಂಗ್ರಹಾಲಯದಲ್ಲಿ ಉಳಿದುವು. ಅವೇ ತುಂಡುಗಳನ್ನು ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದ ನಂತರ ಅಮೆರಿಕದ ವೆರ್ಹೋವೆನ್ನರೂ ಕಮ್ಮಾರರಾದ ಪೆಂಡ್ರೆಯವರೂ ಪರಿಶೀಲಿಸಿ, ಪಟ್ಟೆಗಳು ಮೂಡುವುದಕ್ಕೆ ಅದಿರಿನಲ್ಲಿದ್ದ ವೆನೇಡಿಯಮಿನಂತಹ ಧಾತುಗಳ ಅತ್ಯಲ್ಪ ಅಂಶವೇ ಮುಖ್ಯ ಕಾರಣವೆಂದು 1998ರಲ್ಲಿ ತೋರಿಸಿದರು. ಮುಂದೆ 2006ರಲ್ಲಿ ಡ್ರೆಸ್ಡೆನ್ನಿನ ಪೌಫ್ಲರ್ ಮತ್ತು ಅವರ ಸಹೋದ್ಯೋಗಿಗಳು ಬೆರ್ನ್ ಸಂಗ್ರಹದ 17ನೆಯ ಶತಮಾನದ ಒಂದು ಅಲಗಿನ ತುಣುಕಿನಲ್ಲಿ ಇಂಗಾಲದ ಅತಿಸೂಕ್ಷ್ಮ ನಳಿಗೆಗಳನ್ನು ಕಂಡುದಾಗಿ ಪ್ರಕಟಿಸಿದರು. ಈ ಕೊನೆಯ ಸಂಶೋಧನೆಯ ಅರ್ಥವನ್ನು ಕುರಿತು ಅಭಿಪ್ರಾಯಭೇದಗಳಿಗೆ ಅವಕಾಶವಿದ್ದರೂ ಪ್ರಕೃತಕ್ಕೆ ಅದು ಮುಖ್ಯವಲ್ಲ. 1924ರ ವಿಜ್ಞಾನಿಗೆ ಕನಸಿನಲ್ಲಿಯೂ ಹೊಳೆಯದಿದ್ದ ಪ್ರಶ್ನೆಗಳಿಗೆ ಆ ಲೋಹ ಉತ್ತರ ಕೊಟ್ಟಿತು. ಕೊಡಲು ಸಾಧ್ಯವಾದುದು ಲೋಹವನ್ನು ಬೇರೆ ಯಾವ ಉಪಚಾರಕ್ಕೂ ಗುರಿಮಾಡದೆ ಹಾಗೆಯೇ ಇಟ್ಟಿದ್ದರಿಂದ. ವೆರ್ಹೋವೆನ್ನರ ಮಾತು ನಮ್ಮ ದೇಶದ ಅದಿರುಗಳ ಚರಿತ್ರೆಗೂ ಸಂಬಂಧಿಸಿದ್ದು. ಯಾವ ಗಣಿಯ ಅದಿರು ಯಾವ ಕುಲುಮೆಗೆ ಹೋಯಿತು, ಅದು ಮುಗಿದಾಗ ಕಸುಬು ಏಕೆ ನಿಂತಿತು ಎಂಬ ವಿಚಾರ ಮುಂದುವರಿಯಬೇಕಾದರೆ ಶುದ್ಧವಾದ ಅಲಗುಗಳು ನಮ್ಮಲ್ಲಿ ಉಳಿದಿರಬೇಕು.

ಉಳಿದಿರುವುದಾದರೂ ಎಷ್ಟು? ತಂಜಾವೂರಿನ ಮರಾಠ ಅರಸರ ಮನೆತನ 1855ರಲ್ಲಿ ಕೊನೆಗೊಂಡ ಮೇಲೆ ಅಲ್ಲಿಯ ಆಯುಧಶಾಲೆಯನ್ನು ಸರಕಾರ ಬರಿದುಮಾಡಿತು. ಕೆಲವನ್ನು ಆರಿಸಿ ಮದರಾಸಿನ ವಸ್ತುಸಂಗ್ರಹಾಲಯಕ್ಕೂ ಇತರ ಕಡೆಗೂ ಕಳುಹಿಸಿ, ರಾಶಿರಾಶಿಯಾಗಿ ಮಿಕ್ಕುದನ್ನು ಮುರಿದು ಹಳೆಯ ಕಬ್ಬಿಣವಾಗಿ ಮಾರಿದರೆಂಬುದನ್ನು ವಾಲ್‌ಹೌಸ್ ಎಂಬ ಅಧಿಕಾರಿಯು 1878ರಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಬರೆದಿದ್ದಾನೆ. ಅಂತಹ ಪ್ರಳಯದಿಂದ ಪಾರಾಗಿ ಬಂದ ಒಂದೊಂದು ಅಲಗೂ ಇಂದು ನಮ್ಮ ಪಾಲಿಗೆ ಹೆಚ್ಚಿನದು. ಇತ್ತ ಮಾರುಕಟ್ಟೆಯ ಕಣ್ಣು ಬೇರೆ ಬಿದ್ದಿದೆ. ಟಿಪ್ಪುವಿನ ಶಯನಾಗಾರದಲ್ಲಿ ದೊರೆಯಿತೆನ್ನಲಾದ ಖಡ್ಗವು 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಬೆಲೆ ಬಂದಲ್ಲಿ ಹೊಳಪಿಸುವ ಕೈಗಳೂ ಬರುತ್ತವೆ. ಮನೆಯ ಅಟ್ಟದಿಂದ ಇಳಿದ ಕತ್ತಿ ಮೊದಲು ಹೋಗುವುದು ಸಾಣೆಗಾರನ ಬಳಿಗೆ.

ಈಗ ಕಾರ್ಯವಿಧಾನದ ವಿಚಾರ. ವಸ್ತುಗಳ ಸಂರಕ್ಷಣೆ ಒಂದು ಶಾಸ್ತ್ರವಾಗಿ ಬೆಳೆದುದು ಇತ್ತೀಚಿನ ಸಂಗತಿ. ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿ 1888ರಲ್ಲಿ ಫ್ರೀಡ್ರಿಕ್ ರಾಟ್‌ಗೆನ್ ಎಂಬ ರಸಾಯನಜ್ಞನನ್ನು ನೇಮಿಸಿದುದು ಅದರ ಮೊದಲ ಹೆಜ್ಜೆ. ನಮ್ಮ ದೇಶದಲ್ಲಿ ಮದರಾಸು ವಸ್ತುಸಂಗ್ರಹಾಲಯವು 1930ರಲ್ಲಿ ಕಂಚಿನ ವಿಗ್ರಹಗಳ ರಕ್ಷಣೆಗಾಗಿ ಪ್ರಯೋಗಶಾಲೆಯನ್ನು ತೆರೆಯಿತು. 1976ರಲ್ಲಿ ಲಖನೌ ನಗರದಲ್ಲಿ ರಾಷ್ಟ್ರೀಯ ಪ್ರಯೋಗಾಲಯ ಸ್ಥಾಪನೆಯಾಯಿತು. ಅದರ ಶಾಖೆ ಮೈಸೂರಿನಲ್ಲಿಯೂ ಇದೆ. ಕಠಿನವಾದ ಪ್ರಸಂಗಗಳನ್ನು ಅಂತಹವರಿಗೆ ಬಿಡುವುದೇ ವಿವೇಕ. ಮುಖ್ಯವಾಗಿ, ಅಗೆತದಲ್ಲಿ ದೊರೆತ ಕಬ್ಬಿಣವನ್ನು ಇತಿಹಾಸದ ಅಧ್ಯಾಪಕನು ಮುಟ್ಟಲೇಬಾರದು. ವೀಲರರು 1947ರಲ್ಲಿ ಬ್ರಹ್ಮಗಿರಿಯಲ್ಲಿ ಅಗೆಸಿದ ಬೃಹತ್ ಶಿಲಾಸಮಾಧಿಗಳಲ್ಲಿ ಕಂಡಂತಹ ಕಬ್ಬಿಣದ ವಸ್ತುಗಳಲ್ಲಿ ಲೋಹಕ್ಕಿಂತ ತುಕ್ಕೇ ಹೆಚ್ಚಾಗಿರುತ್ತದೆ. ಅನೇಕ ವೇಳೆ ವಸ್ತುವಿನ ಮೂಲ ಆಕಾರ ಉಳಿದಿರುವುದು ತುಕ್ಕಿನ ಪದರದ ಒಳಗೇ. ಎಕ್ಸ್-ಕಿರಣದ ಚಿತ್ರ ತೆಗೆಯದೆ ಅದನ್ನು ಕೆರೆದರೆ ಕೆರೆದುಹೋದುದು ತುಕ್ಕಲ್ಲ, ಖಡ್ಗವೇ. ಮುಂದಿನ ಮಾತೆಲ್ಲ ಮನೆ, ಮಠ, ಅರಮನೆಗಳಲ್ಲಿ ಗಾಳಿಯಲ್ಲಿಯೇ ಉಳಿದುಬಂದ ಅಲಗುಗಳಿಗೆ ಅನ್ವಯಿಸತಕ್ಕದ್ದು.

ಅಲಗು ಕೈಗೆ ಬಂದೊಡನೆ ಮಾಡತಕ್ಕದ್ದು ಏನನ್ನೂ ಮಾಡದಿರುವುದು. ಮೊದಲು ತೂಕ, ಉದ್ದ, ಅಗಲ, ಬೆನ್ನಿನ ದಪ್ಪ ಇವನ್ನು ಬರೆದುಕೊಳ್ಳಬೇಕು. ಬೆಳಕನ್ನು ಓರೆಯಾಗಿ ಹಾಯಿಸಿ ಎರಡು ಮೈಗಳ ಚಿತ್ರಗಳನ್ನೂ ತೆಗೆಯಬೇಕು. ನೇರ ಬೆಳಕಿನಲ್ಲಿ ಕಾಣದ ಚುಕ್ಕೆ, ಗೆರೆ, ಮುದ್ರೆಗಳು ಓರೆ ಬೆಳಕಿನಲ್ಲಿ ಎದ್ದು ಕಾಣುವುದು ಶಾಸನ ಓದಿದವರೆಲ್ಲರಿಗೂ ತಿಳಿದ ವಿಷಯ. ಅನಂತರ ತುಕ್ಕಿನ ಬಗೆಯನ್ನು ಗುರುತಿಸಬೇಕು. ತುಕ್ಕೆಲ್ಲ ಶತ್ರುವಲ್ಲ. ಕಪ್ಪು ಅಥವಾ ಗಾಢ ಕಂದು ಬಣ್ಣದ, ಗಟ್ಟಿಯಾಗಿ ಅಂಟಿಕೊಂಡ, ಬೆರಳಿಗೆ ಪುಡಿ ಹತ್ತದ ಪೊರೆ ನೂರಾರು ವರ್ಷಗಳಲ್ಲಿ ಬೆಳೆದುದು. ಅದು ಲೋಹವನ್ನು ಒಂದು ಮಟ್ಟಿಗೆ ಕಾಯುತ್ತದೆ, ವಯಸ್ಸಿಗೂ ಸಾಕ್ಷಿ ಹೇಳುತ್ತದೆ. ಅದನ್ನು ಬಿಡಬೇಕು. ಕಿತ್ತಳೆ ಬಣ್ಣದ, ಸಡಿಲವಾದ, ಬಿಳಿಯ ಬಟ್ಟೆಗೆ ಪುಡಿ ಹತ್ತುವ ತುಕ್ಕು ಇನ್ನೂ ತಿನ್ನುತ್ತಿರುವ ತುಕ್ಕು. ಅದನ್ನು ತೆಗೆಯಬೇಕು. ಮಳೆಗಾಲದಲ್ಲಿ ಮೈಮೇಲೆ ಸಣ್ಣ ಸಣ್ಣ ಹನಿಗಳು ಬೆವರಿನಂತೆ ಮೂಡಿ ಅಂಚಿನಲ್ಲಿ ಕೆಂಪಾಗುತ್ತಿದ್ದರೆ ಒಳಗೆ ಉಪ್ಪು ಸೇರಿದೆಯೆಂದು ತಿಳಿಯಬೇಕು. ಇದು ಪ್ರಯೋಗಾಲಯಕ್ಕೆ ಹೋಗತಕ್ಕ ರೋಗ.

ಸಡಿಲವಾದ ತುಕ್ಕನ್ನು ತೆಗೆಯಲು ಲಘುವಾದ ಎಣ್ಣೆ, ಮೃದುವಾದ ಕುಂಚ, ಬಿದಿರಿನ ಅಥವಾ ಮೂಳೆಯ ಮೊನೆಯುಳ್ಳ ಕಡ್ಡಿ, ಬಹಳವಾದರೆ ಭೂತಗನ್ನಡಿಯ ಕೆಳಗೆ ಹಿಡಿದ ಸಣ್ಣ ಚಾಕು ಇವು ಸಾಕು. ಎಣ್ಣೆಯಲ್ಲಿ ನೆನೆದು ಮೆತ್ತಗಾದ ತುಕ್ಕು ಕಡ್ಡಿಗೇ ಏಳುತ್ತದೆ; ಏಳದಿದ್ದರೆ ಆ ದಿನ ಅಲ್ಲಿಗೇ ನಿಲ್ಲಿಸಿ ಮರುದಿನ ನೋಡಬೇಕು. ಒಂದು ಅಂಗುಲಕ್ಕೆ ಒಂದು ಪೂರ್ವಾಹ್ನ ಹಿಡಿದರೆ ಅದನ್ನು ನಷ್ಟವೆಂದು ಎಣಿಸಬಾರದು. ಬಳಿಕ ಮದ್ಯಸಾರದಲ್ಲಿ ಅದ್ದಿದ ಹತ್ತಿಯಿಂದ ಜಿಡ್ಡನ್ನು ಒರಸಿ ಒಣಗಿಸಬೇಕು. ಹುಣಸೆಹಣ್ಣು, ನಿಂಬೆಹುಳಿ, ರಂಗೋಲಿಪುಡಿ, ಬೂದಿ, ಹಿತ್ತಾಳೆ ಬೆಳಗಲು ಅಂಗಡಿಯಲ್ಲಿ ಸಿಗುವ ದ್ರವಗಳು ಇವೆಲ್ಲ ವರ್ಜ್ಯ. ಇವು ಪೂಜೆಯ ಪಾತ್ರೆಗಳಿಗೆ ಒಪ್ಪಬಹುದು. ಹುಣಸೆಯ ಹುಳಿ ತುಕ್ಕನ್ನೂ ಲೋಹವನ್ನೂ ಬೇರ್ಪಡಿಸಿ ನೋಡುವುದಿಲ್ಲ. ಪುಡಿಗಳು ಗೀರುಗಳನ್ನು ಬಿಡುತ್ತವೆ. ಆ ಗೀರುಗಳೇ ಮುಂದಿನ ತುಕ್ಕಿಗೆ ಮನೆ.

ಹಿಡಿಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಭಾರತೀಯ ಖಡ್ಗಗಳಲ್ಲಿ ಬಹುಪಾಲು ಅಲಗಿನ ಬಾಲವನ್ನು ಟೊಳ್ಳಾದ ಹಿಡಿಯೊಳಗೆ ಅರಗು ಮುಂತಾದ ಅಂಟಿನಿಂದ ಕೂರಿಸಿರುತ್ತಾರೆ. ಬಿಸಿನೀರಿನಲ್ಲಿ ಅದ್ದಿದರೂ, ಒಲೆಯ ಬಳಿ ಒಣಗಿಸಿದರೂ ಅರಗು ಸಡಿಲವಾಗುತ್ತದೆ. ಒಳಹೊಕ್ಕ ನೀರು ಕಣ್ಣಿಗೆ ಕಾಣದೆ ಒಳಗೇ ತುಕ್ಕು ಹಿಡಿಸುತ್ತದೆ. ಆದುದರಿಂದ ಖಡ್ಗವನ್ನು ಎಂದೂ ಮುಳುಗಿಸಿ ತೊಳೆಯತಕ್ಕದ್ದಲ್ಲ. ಹಿಡಿಯನ್ನು ಬಿಚ್ಚಿ ನೋಡುವ ಕುತೂಹಲವನ್ನೂ ತಡೆದುಕೊಳ್ಳಬೇಕು.

ಈ ಸಂಬಂಧದಲ್ಲಿ ಜಪಾನೀಯರ ಕ್ರಮ ಮನನಯೋಗ್ಯವಾದುದು. ಅಲ್ಲಿ ಅಲಗಿಗೆ ಒಪ್ಪ ಕೊಡುವುದು ತಲೆತಲಾಂತರದಿಂದ ಬಂದ ಮಹಾವಿದ್ಯೆ. ಕಲ್ಲಿನಿಂದ ಕಲ್ಲಿಗೆ ನಯವಾಗುತ್ತ ಹೋಗುವ ಆ ಕೆಲಸಕ್ಕೆ ವರ್ಷಗಟ್ಟಲೆ ಶಿಷ್ಯವೃತ್ತಿ ನಡೆಸಬೇಕು. ಅಷ್ಟು ನಿಪುಣರಾದ ಅವರು ಹಿಡಿಯೊಳಗೆ ಅಡಗಿರುವ ಬಾಲದ ಭಾಗದ ತುಕ್ಕನ್ನು ಮಾತ್ರ ಮುಟ್ಟುವುದಿಲ್ಲ. ಖಡ್ಗಕಾರನ ಹೆಸರು ಇರುವುದು ಅಲ್ಲಿಯೇ. ಆ ತುಕ್ಕಿನ ಬಣ್ಣ, ಅದರ ಹದ ನೋಡಿ ವಯಸ್ಸನ್ನು ಊಹಿಸುತ್ತಾರೆ. ಬಾಲದ ತುಕ್ಕನ್ನು ಉಜ್ಜಿದ ಖಡ್ಗಕ್ಕೆ ಅಲ್ಲಿ ಬೆಲೆ ಬಿದ್ದುಹೋಗುತ್ತದೆ. ಒಪ್ಪ ಕೊಡುವ ಕೆಲಸವೂ ಅಲಗನ್ನು ಕ್ಷಯಿಸುವಂತೆ ಮಾಡುತ್ತದೆಂಬುದು ಅವರಿಗೆ ಚೆನ್ನಾಗಿ ತಿಳಿದಿದೆ. ಆದಕಾರಣ ಅದನ್ನು ತಲೆಮಾರಿಗೊಮ್ಮೆ ಮಾಡುವುದೂ ಹೆಚ್ಚೆಂದು ಭಾವಿಸುತ್ತಾರೆ. ನಮ್ಮ ಸಾಣೆಗಾರರ ಹಳೆಯ ಪರಂಪರೆ ಕಡಿದುಹೋಗಿರುವಾಗ, ಜಪಾನೀ ಖಡ್ಗದ ಉಪಚಾರಕ್ಕೆ ಹೇಳಿದ ಪುಡಿಗಳನ್ನು ತಂದು ನಮ್ಮ ಅಲಗುಗಳ ಮೇಲೆ ತಟ್ಟುವುದು ಮಾತ್ರ ಅನುಚಿತ. ಆ ಪುಡಿ ಅವರ ಕನ್ನಡಿಮೈಗೆ ತಕ್ಕುದು, ಹುಳಿ ಸವರಿದ ನಮ್ಮ ಉಕ್ಕಿಗಲ್ಲ.

ಹುಳಿ ಸವರುವ ಪ್ರಶ್ನೆಯೇ ಅತ್ಯಂತ ವಿವಾದಾಸ್ಪದವಾದುದು. ಚಿತ್ತಾರ ಮರೆಯಾದ ಅಲಗಿಗೆ ಮತ್ತೆ ಹುಳಿ ಸವರಿ ಅದನ್ನು ತೋರಿಸಬಹುದೆ? ಹಿಂದಿನ ಕೆಲಸಗಾರರು ಅನ್ನಭೇದಿಯ ದ್ರಾವಣವನ್ನು ಸವರಿ ಚಿತ್ತಾರ ಎಬ್ಬಿಸುತ್ತಿದ್ದರು. ಮಾಸಿದಾಗ ಮತ್ತೆ ಹಾಗೆಯೇ ಮಾಡುತ್ತಿದ್ದರು. ಎಂದ ಮೇಲೆ ಈಗ ಅದನ್ನು ಮಾಡುವುದು ಪರಂಪರೆಗೆ ವಿರೋಧವಲ್ಲವೆಂದೂ, ಖಡ್ಗಕಾರನು ಉದ್ದೇಶಿಸಿದ ರೂಪವನ್ನೇ ಪ್ರೇಕ್ಷಕನಿಗೆ ತೋರಿಸಿದಂತಾಗುವುದೆಂದೂ ಕೆಲವರು ವಾದಿಸುತ್ತಾರೆ. ಈ ವಾದದಲ್ಲಿ ಬಲವಿಲ್ಲವೆಂದು ಹೇಳಲಾರೆ. ಬರಿಯ ಬೂದು ಬಣ್ಣದ ಲೋಹವನ್ನು ಪೆಟ್ಟಿಗೆಯಲ್ಲಿಟ್ಟು 'ಇದು ಪ್ರಸಿದ್ಧವಾದ ಉಕ್ಕು' ಎಂದು ಚೀಟಿ ಅಂಟಿಸಿದರೆ ನೋಡುವವನಿಗೆ ಏನು ತಿಳಿದೀತು? ಆದರೆ ಆ ಕೆಲಸಗಾರನ ಕಾಲದಲ್ಲಿ ಅಂತಹ ಅಲಗುಗಳು ಹುಟ್ಟುತ್ತಲೇ ಇದ್ದುವು. ಇಂದು ಅವು ಹುಟ್ಟುವುದಿಲ್ಲ. ಅವನು ಸವೆಸಿದುದು ಬಳಕೆಯ ವಸ್ತುವನ್ನು. ನಾವು ಸವೆಸುವುದು ಉಳಿದಿರುವ ಸಾಕ್ಷಿಯನ್ನು. ನನ್ನ ಮಟ್ಟಿಗೆ, ಚರಿತ್ರೆ ತಿಳಿಯದ, ಚಿನ್ನದ ಕೆಲಸವಾಗಲಿ ಬರಹವಾಗಲಿ ಇಲ್ಲದ, ಈಗಾಗಲೇ ಎಮರಿಯಿಂದ ಉಜ್ಜಿಹೋದ ಒಂದೆರಡು ಅಲಗುಗಳಿಗೆ ನಿಪುಣರ ಕೈಯಿಂದ ಹೀಗೆ ಮಾಡಿಸಿ ಪ್ರದರ್ಶನಕ್ಕೆ ಇಟ್ಟುಕೊಳ್ಳಬಹುದು, ಮಿಕ್ಕವನ್ನು ಬಿಡಬೇಕು. ಲೋಹವನ್ನು ಕತ್ತರಿಸದೆ, ಸವರದೆ, ನ್ಯೂಟ್ರಾನ್ ಕಿರಣಗಳನ್ನು ಹಾಯಿಸಿ ಒಳರಚನೆಯನ್ನು ತಿಳಿಯುವ ಪದ್ಧತಿಯನ್ನು ಲಂಡನ್ನಿನ ವ್ಯಾಲೇಸ್ ಸಂಗ್ರಹದವರೂ ಇಟಲಿಯ ವಿಜ್ಞಾನಿಗಳೂ ಕೂಡಿ ಭಾರತೀಯ ಖಡ್ಗಗಳ ಮೇಲೆ ಪ್ರಯೋಗಿಸಿದ್ದಾರೆ. ಅಂತಹ ಸಾಧನ ಇರುವಾಗ ಆತುರಕ್ಕೆ ಕಾರಣ ಕಾಣದು.

ಶುದ್ಧಿಯಾದ ಮೇಲೆ ಲೇಪನ. ಕೊಬ್ಬರಿ ಎಣ್ಣೆ ನಮ್ಮ ಮನೆಗಳಲ್ಲಿ ಸುಲಭವಾಗಿ ಒದಗುವುದಾದರೂ ಕಾಲಕ್ರಮದಲ್ಲಿ ಕಮಟಿ ಹುಳಿಯಾಗುತ್ತದೆ, ಧೂಳನ್ನೂ ಹಿಡಿಯುತ್ತದೆ. ಅಗಸೆ ಎಣ್ಣೆ ಒಣಗಿ ಹಳದಿ ಪೊರೆಯಾಗಿ ಅಂಟುತ್ತದೆ. ವಾರ್ನಿಷು ಅಲ್ಲಲ್ಲಿ ಬಿರಿದು, ಬಿರಿದ ಕಡೆಯೇ ತುಕ್ಕು ಹುಳದಂತೆ ಹರಿದಾಡುತ್ತದೆ. ವಾರ್ನಿಷು ಬಳಿದ ಅಲಗುಗಳು ಹಳೆಯ ಸಂಗ್ರಹಗಳಲ್ಲಿ ಕಾಣಸಿಗುವುದುಂಟು. ಅದನ್ನು ತೆಗೆಯುವುದು ತುಕ್ಕನ್ನು ತೆಗೆಯುವುದಕ್ಕಿಂತ ಕಷ್ಟ. ಸದ್ಯಕ್ಕೆ ಒಳ್ಳೆಯದೆಂದು ಕಂಡಿರುವುದು ಖನಿಜತೈಲದಿಂದ ದೊರೆಯುವ ಸೂಕ್ಷ್ಮಸ್ಫಟಿಕ ಮೇಣ. 1950ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಮಿನ ಪ್ರಯೋಗಾಲಯದಲ್ಲಿ ಇದರ ಪಾಕವನ್ನು ಸಿದ್ಧಪಡಿಸಿದರು. ಅತಿ ತೆಳುವಾಗಿ ಸವರಿ ಮೆತ್ತನೆಯ ಬಟ್ಟೆಯಿಂದ ಒರಸಿದರೆ ಸಾಕು. ಬೇಕೆಂದಾಗ ದ್ರಾವಕದಿಂದ ಅದನ್ನು ಪೂರ್ತಿಯಾಗಿ ತೆಗೆಯಬಹುದು, ಮತ್ತು ಇದೇ ಅದರ ಮುಖ್ಯ ಗುಣ.

ಪ್ರದರ್ಶನದ ಪೆಟ್ಟಿಗೆಯ ವಿಷಯದಲ್ಲಿ ಅನೇಕರು ಗಾಜಿನ ಅಂದವನ್ನು ನೋಡುತ್ತಾರೆ, ಗಾಳಿಯ ತೇವವನ್ನು ಅಳೆಯುವುದಿಲ್ಲ. ಸಾಪೇಕ್ಷ ಆರ್ದ್ರತೆ ಶೇಕಡ 60ನ್ನು ಮೀರಿದರೆ ಬರಿಯ ಉಕ್ಕಿಗೆ ಅಪಾಯ; 40ಕ್ಕಿಂತ ಕೆಳಗೆ ಇರುವುದು ಕ್ಷೇಮ. ಮೈಸೂರಿನಲ್ಲಿ ಬೇಸಗೆಯಲ್ಲಿ ಇದು ತಾನಾಗಿಯೇ ಸಾಧಿಸೀತು. ಮಂಗಳೂರಿನಲ್ಲಿಯೂ ಮಡಿಕೇರಿಯಲ್ಲಿಯೂ ಮಳೆಗಾಲದ ನಾಲ್ಕು ತಿಂಗಳು ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ಲನ್ನು ಇಟ್ಟು, ತೇವ ಕುಡಿದಾಗ ತೆಗೆದು ಕಾಯಿಸಿ ಮತ್ತೆ ಇಡುವ ಶಿಸ್ತು ಬೇಕೇ ಬೇಕು. ಕರಾವಳಿಯ ಗಾಳಿಯಲ್ಲಿ ಉಪ್ಪಿನ ಅಂಶವೂ ಇರುವುದರಿಂದ ಪೆಟ್ಟಿಗೆ ಬಿಗಿಯಾಗಿರಬೇಕು. ಅಲಗನ್ನು ಒರೆಯಲ್ಲಿ ಸೇರಿಸಿಡುವುದು ನೋಡಲು ಸಹಜವೆನಿಸಿದರೂ ಹಾನಿಕರ. ಹದಮಾಡಿದ ಚರ್ಮದ ಹುಳಿಯೂ ಮರದ ತೇವವೂ ಒರೆಯೊಳಗೆ ಉಳಿದು ಕತ್ತಲಲ್ಲಿ ಕೆಲಸ ಮಾಡುತ್ತವೆ. ಒರೆಯನ್ನು ಪಕ್ಕದಲ್ಲಿ ಬೇರೆಯಾಗಿ ಮಲಗಿಸಬೇಕು. ಕೆಲವು ಜಾತಿಯ ಮರಗಳೂ ಅಂಟುಗಳೂ ಹುಳಿಯ ಆವಿಯನ್ನು ಬಿಡುತ್ತವೆ. ಪೆಟ್ಟಿಗೆಗೆ ಬಳಸುವ ವಸ್ತುವನ್ನು ಮೊದಲೇ ಲೋಹದ ತಗಡುಗಳೊಡನೆ ಇಟ್ಟು ಪರೀಕ್ಷಿಸುವ ಸುಲಭ ವಿಧಾನವನ್ನು 1973ರಲ್ಲಿ ಬ್ರಿಟಿಷ್ ಮ್ಯೂಸಿಯಮಿನ ಆಂಡ್ರೂ ಆಡಿಯವರು ಪ್ರಕಟಿಸಿದ್ದಾರೆ. ಬರಿಗೈಯಿಂದ ಅಲಗನ್ನು ಮುಟ್ಟಿದರೆ ಬೆವರಿನ ಉಪ್ಪು ಬೆರಳಚ್ಚಾಗಿ ಕುಳಿತು ಕೆಲವೇ ದಿನಗಳಲ್ಲಿ ತುಕ್ಕಿನ ರೂಪದಲ್ಲಿ ಅದನ್ನೇ ಬಿಡಿಸಿ ತೋರಿಸುತ್ತದೆ. ಗಣ್ಯರು ಬಂದಾಗ ಖಡ್ಗವನ್ನು ಅವರ ಕೈಗೆ ಕೊಟ್ಟು ಭಾವಚಿತ್ರ ತೆಗೆಸುವ ಪದ್ಧತಿಯನ್ನು ಈ ಕಾರಣದಿಂದಲಾದರೂ ಬಿಡುವುದು ಲೇಸು.

ಇಷ್ಟು ಹೇಳಿದ ಮೇಲೆ ಒಂದು ವರ್ಗದ ಆಯುಧಗಳನ್ನು ಪ್ರತ್ಯೇಕಿಸಿ ಹೇಳದೆ ಇರಲಾಗದು. ತುಳುನಾಡಿನ ಭೂತಸ್ಥಾನಗಳ ಕಡ್ತಲೆಗಳು, ಕೊಡವರು ಕೈಲ್‌ಪೊಳ್ದ್ ಹಬ್ಬದಲ್ಲಿ ತೋಕ್ ಹೂವಿನಿಂದ ಸಿಂಗರಿಸುವ ಕತ್ತಿಗಳು, ನವರಾತ್ರಿಯಲ್ಲಿ ಪೂಜೆಗೊಳ್ಳುವ ಮನೆತನದ ಖಡ್ಗಗಳು, ಇವು ಪ್ರದರ್ಶನದ ವಸ್ತುಗಳಲ್ಲ. ವರ್ಷಕ್ಕೊಮ್ಮೆ ತೊಳೆದು ಉಜ್ಜಿ ಕುಂಕುಮವಿಡುವುದು ಅವುಗಳ ಬಾಳಿನ ಅಂಗ. ಉಜ್ಜಿ ಉಜ್ಜಿ ಅಲಗು ತೆಳ್ಳಗಾಗಿದ್ದರೆ ಆ ತೆಳುವಿನಲ್ಲಿಯೇ ಎಷ್ಟೋ ತಲೆಮಾರುಗಳ ಭಕ್ತಿಯ ಚರಿತ್ರೆ ಇದೆ. ಅಲ್ಲಿ ವಿದ್ವಾಂಸನಿಗೆ ಕೈಯಿಡುವ ಅಧಿಕಾರವಿಲ್ಲ. ಕೇಳಿದರೆ ಇಷ್ಟನ್ನು ಮಾತ್ರ ವಿನಯದಿಂದ ಹೇಳಬಹುದು: ವಿದ್ಯುತ್ತಿನ ಸಾಣೆಗೆ ಕೊಡಬೇಡಿ, ತೊಳೆದ ಮೇಲೆ ಕುಂಕುಮವನ್ನೂ ನೀರನ್ನೂ ಚೆನ್ನಾಗಿ ಒರಸಿ ಒಣಗಿಸಿ, ಹಬ್ಬಕ್ಕೆ ಮುಂಚೆ ಎರಡು ಮೈಗಳ ಚಿತ್ರ ತೆಗೆಯಲು ಒಪ್ಪಿಗೆ ಕೊಡಿ. ಈ ಚಿತ್ರಗಳನ್ನು ತೂಕದೊಡನೆ, ತೆಗೆದ ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಕ್ರಮವಾಗಿ ಸೇರಿಸಿಡುವ ಕೆಲಸವನ್ನು ನಮ್ಮ ವಿಭಾಗದ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಿಂದಲೇ ಆರಂಭಿಸಬಹುದು. ಅದಕ್ಕೆ ಬೇಕಾದುದು ಒಂದು ತಕ್ಕಡಿ, ಒಂದು ಕ್ಯಾಮರಾ, ಓರೆಯಾಗಿ ಹಿಡಿಯಲು ಒಂದು ದೀಪ.